ನೆನಹು ನೆಲೆಗೊಳ್ಳುವ ಬಗೆ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)



ಈ ಮಹೋತ್ಸವದ ಸಭೆಯಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರ ಅಪ್ಪಣೆಯಾದಾಗ ನಾನು ಮೊದಲು ಹಿಂಜರಿದೆನು. ಶಾಸ್ತ್ರವನ್ನೂ ವಚನವನ್ನೂ ಬಲ್ಲ ಪಂಡಿತರು ಈ ಸಭೆಯಲ್ಲಿ ಬೇಕಾದಷ್ಟು ಮಂದಿ ಇರುವರು. ನಾನಾದರೋ ರೋಗಿಗಳ ನಾಡಿ ಹಿಡಿದು ಕಾಲ ಕಳೆದ ವೈದ್ಯನು. ಅವರ ಮುಂದೆ ಧರ್ಮವನ್ನು ಕುರಿತು ಮಾತನಾಡುವ ಅಧಿಕಾರವು ನನಗೆಲ್ಲಿಯದು? ಇದನ್ನು ಬಿನ್ನವಿಸಿಕೊಂಡಾಗ, ನಿನ್ನ ಕಾಯಕದಲ್ಲಿ ನೀನು ಕಂಡುದನ್ನೇ ಹೇಳು, ಅದೇ ಸಾಕು ಎಂದು ಶ್ರೀಗಳವರು ನಕ್ಕು ನುಡಿದರು. ಆ ಮಾತೇ ನನಗೆ ಧೈರ್ಯವಿತ್ತಿತು. ಆದಕಾರಣ ಈ ದಿವಸ ನೆನಪು ಎಂಬುದು ಮಿದುಳಿನಲ್ಲಿ ಹೇಗೆ ನೆಲೆಗೊಳ್ಳುವುದು, ಹೇಗೆ ಕಳಚಿಹೋಗುವುದು ಎಂಬ ವಿಷಯವನ್ನು, ನನಗೆ ತಿಳಿದಮಟ್ಟಿಗೆ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುವೆನು.

ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಕಾರಣವೊಂದುಂಟು. ಕೆಲವು ತಿಂಗಳುಗಳ ಹಿಂದೆ ಹಳೆಯ ಭಕ್ತ ಮನೆತನದ ಗೃಹಸ್ಥರೊಬ್ಬರು ಎಂಬತ್ತು ದಾಟಿದ ತಮ್ಮ ತಾಯಿಯವರನ್ನು ನನ್ನಲ್ಲಿಗೆ ಕರೆತಂದರು. ಆ ತಾಯಿಯವರು ಒಂದು ಕಾಲಕ್ಕೆ ನೂರಾರು ವಚನಗಳನ್ನು ಪುಸ್ತಕದ ಹಂಗಿಲ್ಲದೆ ಹೇಳುತ್ತಿದ್ದವರು. ಶ್ರಾವಣಮಾಸದ ಪುರಾಣವನ್ನು ಕೇಳಿ ಮನೆಗೆ ಹೋದರೆಂದರೆ, ಆ ದಿನದ ಕಥೆಯನ್ನು ಒಂದು ಎಳೆಯೂ ತಪ್ಪದಂತೆ ನೆರೆಯವರಿಗೆ ಒಪ್ಪಿಸುತ್ತಿದ್ದವರು. ಈಗ ಮಗನನ್ನು ತಮ್ಮನೆಂದು ಕರೆಯುವರು. ಉಂಡು ಕೈ ತೊಳೆದ ಮರುಗಳಿಗೆಯಲ್ಲಿಯೇ ಹಸಿವೆಯಾಗಿದೆ ಎನ್ನುವರು. ಮಗನು ನನ್ನನ್ನು ಒಂದು ಬದಿಗೆ ಕರೆದು ಹೀಗೆ ಕೇಳಿದನು:

"ಡಾಕ್ಟರ್ ಸಾಹೇಬರ, ಅವ್ವಗ ಯಾರ ನೆನಪೂ ಉಳದಿಲ್ಲ. ಆದರ ಮುಂಜಾನೆ ಜಳಕ ಆದಕೂಡ್ಲೆ ವಿಭೂತಿ ಹಚ್ಚಿಕೊಂಡು, ಲಿಂಗ ಅಂಗೈಯಾಗ ಹಿಡಕೊಂಡು ಕುಂಡರತಾಳ. ಇದಕ್ಕ ಪೂಜಾ ಅನ್ನೂಣೋ, ಬರೇ ರೂಢಿ ಅನ್ನೂಣೋ? ಎಲ್ಲೆರ ಇಟ್ಟು ಮರತಾಳಂತ ಹೇಳಿ, ಲಿಂಗಾ ತಗದು ದೇವರ ಮನ್ಯಾಗ ಇಡೂಣು ಅಂತಾರ ಮನ್ಯಾಗಿನವರು. ನೀವು ಏನಂತೀರಿ?"

ಸದ್ಯಕ್ಕೆ ತೆಗೆಯಬೇಡಿರಿ ಎಂದಷ್ಟೇ ನಾನು ಹೇಳಿದೆನು. ಏಕೆಂದು ವಿವರಿಸಲು ಆಗ ಸಮಯವಿರಲಿಲ್ಲ. ನನ್ನ ಉತ್ತರವು ನನಗೇ ಪೂರ್ತಿಯಾಗಿ ತಿಳಿದಿರಲೂ ಇಲ್ಲ. ಇಂಥ ಪ್ರಶ್ನೆ ಆ ಒಂದು ಮನೆಯದಷ್ಟೇ ಅಲ್ಲ. ಇಲ್ಲಿ ಕುಳಿತವರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಇಂಥ ಹಿರಿಯರಿರಬಹುದು. ಆದುದರಿಂದ ಅಂದು ಉಳಿದ ಉತ್ತರವನ್ನು ಇಂದು ಈ ಸಭೆಯಲ್ಲಿ ಪೂರ್ತಿಮಾಡಲು ಯತ್ನಿಸುವೆನು.

ಮೊದಲು ಮಿದುಳಿನ ರಚನೆಯನ್ನು ನೋಡೋಣ. ಪ್ರೌಢ ಮನುಷ್ಯನ ಮಿದುಳು ಸುಮಾರು ೧,೪೦೦ ಗ್ರಾಂ ತೂಗುವ ಮೆತ್ತನೆಯ ಅವಯವವು. ಅದರಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿರುವುವೆಂದು ಈಗ ಲೆಕ್ಕ ಹಾಕಿರುತ್ತಾರೆ. ಒಂದೊಂದು ನರಕೋಶಕ್ಕೂ ಮರದ ಕೊಂಬೆಗಳಂತೆ ಕವಲೊಡೆದ ಎಳೆಗಳುಂಟು. ಇವು ಸುದ್ದಿಯನ್ನು ಬರಮಾಡಿಕೊಳ್ಳುವುವು. ಅದರಿಂದ ಹೊರಡುವ ನೀಳವಾದ ಇನ್ನೊಂದು ಎಳೆಯುಂಟು; ಅದು ಸುದ್ದಿಯನ್ನು ಮುಂದಿನ ಕೋಶಕ್ಕೆ ಮುಟ್ಟಿಸುವುದು.

ಇಷ್ಟನ್ನು ತಿಳಿಯಲು ಮನುಷ್ಯನು ಬಹಳ ಶ್ರಮಪಡಬೇಕಾಯಿತು. ಇಟಲಿ ದೇಶದ ಕಮಿಲ್ಲೊ ಗಾಲ್ಜಿ ಎಂಬ ವೈದ್ಯನು ೧೮೭೩ರಲ್ಲಿ ಬೆಳ್ಳಿಯ ಲವಣದಿಂದ ನರಕೋಶಕ್ಕೆ ಕಪ್ಪು ಬಣ್ಣ ಹಿಡಿಸುವ ಉಪಾಯವನ್ನು ಪ್ರಕಟಿಸಿದನು. ಆ ಬಣ್ಣದ ವಿಶೇಷವೇನೆಂದರೆ, ಅದು ಸಾವಿರಾರು ಕೋಶಗಳಲ್ಲಿ ಎಲ್ಲಿಯೋ ಕೆಲವಕ್ಕೆ ಮಾತ್ರ ಹಿಡಿಯುವುದು. ಆದರೆ ಹಿಡಿದುದನ್ನು ಬೇರಿನಿಂದ ತುದಿಯವರೆಗೆ ತೋರಿಸುವುದು. ಸ್ಪೇನ್ ದೇಶದ ಸಾಂತಿಯಾಗೊ ರಮೋನ್ ಇ ಕಹಾಲ್ ಎಂಬವನು ಅದೇ ಬಣ್ಣವನ್ನು ಸುಧಾರಿಸಿಕೊಂಡು, ತಾನು ಕಂಡುದನ್ನು ತನ್ನ ಕೈಯಿಂದಲೇ ಚಿತ್ರಿಸಿದನು. ಮಿದುಳೆಲ್ಲ ಎಡೆಬಿಡದೆ ಹೆಣೆದ ಒಂದೇ ಬಲೆ ಎಂದು ಗಾಲ್ಜಿಯ ಮತ. ಹಾಗಲ್ಲ, ಒಂದೊಂದು ಕೋಶವೂ ಬೇರೆಬೇರೆ. ಅವು ಒಂದನ್ನೊಂದು ಸಮೀಪಿಸುವುವೇ ಹೊರತು ಒಂದರಲ್ಲೊಂದು ಬೆರೆಯುವುದಿಲ್ಲ ಎಂದು ಕಹಾಲನ ಮತ. ೧೯೦೬ರಲ್ಲಿ ಇಬ್ಬರಿಗೂ ಕೂಡಿ ನೊಬೆಲ್ ಪಾರಿತೋಷಕವು ದೊರೆಯಿತು. ಪಾರಿತೋಷಕವನ್ನು ಸ್ವೀಕರಿಸಿ ಮಾಡಿದ ಭಾಷಣದಲ್ಲಿಯೂ ಗಾಲ್ಜಿಯು ಕಹಾಲನ ಮತವನ್ನು ಖಂಡಿಸಿದನು. ಆದರೆ ತರುವಾಯದ ಸಂಶೋಧನೆಗಳು ಮುಖ್ಯವಾಗಿ ಕಹಾಲನ ಪಕ್ಷವನ್ನೇ ಸ್ಥಾಪಿಸಿದುವು.

ಕೋಶಗಳು ಬೆರೆಯದೆ ಸಮೀಪಿಸುವ ಆ ಸ್ಥಾನಕ್ಕೆ ಇಂಗ್ಲೆಂಡಿನ ಶೆರಿಂಗ್ಟನ್ನನು ೧೮೯೭ರಲ್ಲಿ ಸಿನಾಪ್ಸ್ ಎಂದು ಹೆಸರಿಟ್ಟನು. ನಾವು ಅದನ್ನು ಸಂಧಿ ಎಂದು ಕರೆಯೋಣ. ಈ ಸಂಧಿಯಲ್ಲಿ ಎರಡು ಕೋಶಗಳ ನಡುವೆ ಇರುವ ತೆರಪು ಒಂದು ಕೂದಲೆಳೆಯ ದಪ್ಪದಲ್ಲಿ ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲಿಗಿಂತಲೂ ಕಿರಿದು. ಹೊಳೆಯ ಈಚೆ ದಡದಿಂದ ಆಚೆ ದಡಕ್ಕೆ ಹರಿಗೋಲಿನವನು ಜನರನ್ನು ದಾಟಿಸುವಂತೆ, ಈ ತೆರಪಿನಲ್ಲಿ ಕೆಲವು ರಾಸಾಯನಿಕ ದ್ರವ್ಯಗಳು ಸುದ್ದಿಯನ್ನು ದಾಟಿಸುವುವು. ನರದ ತುದಿಯಿಂದ ಇಂಥ ದ್ರವ್ಯವು ಹೊರಬೀಳುವುದೆಂಬುದನ್ನು ಆಟೊ ಲೋವಿ ಎಂಬವನು ಕಪ್ಪೆಯ ಹೃದಯದ ಮೇಲೆ ಮಾಡಿದ ಪ್ರಯೋಗದಿಂದ ೧೯೨೧ರಲ್ಲಿ ತೋರಿಸಿದನು. ಆ ಪ್ರಯೋಗದ ಕಲ್ಪನೆಯು ಅವನಿಗೆ ಕನಸಿನಲ್ಲಿ ಹೊಳೆಯಿತಂತೆ. ನಿದ್ದೆಗಣ್ಣಿನಲ್ಲಿ ಚೀಟಿಯ ಮೇಲೆ ಗೀಚಿಟ್ಟು ಮಲಗಿದನು. ಬೆಳಿಗ್ಗೆ ನೋಡಿದರೆ ತನ್ನ ಬರೆಹವನ್ನು ತಾನೇ ಓದಲಾರನು, ವಿಷಯವು ನೆನಪಿಗೂ ಬಾರದು. ಮರುರಾತ್ರಿ ಅದೇ ಕಲ್ಪನೆಯು ಮತ್ತೆ ಬರಲು, ಈ ಸಲ ಅವನು ಚೀಟಿಯನ್ನು ನಂಬದೆ ನೆಟ್ಟಗೆ ಪ್ರಯೋಗಶಾಲೆಗೇ ಹೋದನೆಂದು ತಾನೇ ಹೇಳಿಕೊಂಡಿರುವನು. ನೆನಪಿನ ಗುಟ್ಟನ್ನು ಬಿಡಿಸಲು ನೆರವಾದವನೂ ಮರೆವಿಗೆ ಸಿಕ್ಕಿದವನೇ!

ಈಗ ಮುಖ್ಯ ಪ್ರಶ್ನೆಗೆ ಬರೋಣ. ಒಂದು ವಚನವನ್ನು ಬಾಯಿಪಾಠ ಮಾಡುವೆವಷ್ಟೆ. ಕಲಿಯುವುದಕ್ಕೆ ಮೊದಲಿದ್ದ ಮಿದುಳಿಗೂ ಕಲಿತ ಮೇಲಿನ ಮಿದುಳಿಗೂ ಏನು ಭೇದ? ವಚನಕ್ಕೊಂದರಂತೆ ಹೊಸ ನರಕೋಶವು ಹುಟ್ಟುವುದೆ? ಹಾಗಲ್ಲ. ೧೮೯೪ರಲ್ಲಿ ಲಂಡನ್ನಿನಲ್ಲಿ ಮಾಡಿದ ಉಪನ್ಯಾಸದಲ್ಲಿಯೇ ಕಹಾಲನು ಒಂದು ಊಹೆಯನ್ನು ಮುಂದಿಟ್ಟಿದ್ದನು: ಅಭ್ಯಾಸದಿಂದ ಕೋಶಗಳ ಸಂಖ್ಯೆಯು ಹೆಚ್ಚದಿದ್ದರೂ, ಅವುಗಳ ಕವಲುಗಳೂ ಪರಸ್ಪರ ಸಂಬಂಧಗಳೂ ಬಲಗೊಳ್ಳುತ್ತಿರಬಹುದೆಂದು. ಕೆನಡಾ ದೇಶದ ಡೊನಾಲ್ಡ್ ಹೆಬ್ಬನು ೧೯೪೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಊಹೆಗೆ ನಿಯಮದ ರೂಪವನ್ನು ಕೊಟ್ಟನು. ಒಂದು ಕೋಶವು ಇನ್ನೊಂದನ್ನು ಎಚ್ಚರಿಸುವುದರಲ್ಲಿ ಮತ್ತೆ ಮತ್ತೆ ಪಾಲುಗೊಂಡರೆ, ಅವುಗಳ ನಡುವಣ ಸಂಬಂಧವು ದೃಢವಾಗುವುದೆಂಬುದೇ ಅದರ ತಾತ್ಪರ್ಯ. ಹೊಲದಲ್ಲಿ ಜನರು ನಡೆದಾಡಿದಲ್ಲಿ ಕಾಲುದಾರಿ ಬೀಳುವುದನ್ನು ನಾವೆಲ್ಲ ಕಂಡಿರುವೆವು. ಅಂತೆಯೇ ಇದೂ.

ಊಹೆಯು ಸಿದ್ಧಾಂತವಾಗಬೇಕಾದರೆ ಪ್ರಮಾಣವು ಬೇಕು. ಪ್ರಮಾಣವು ದೊರೆತುದು ಒಂದು ಕ್ಷುದ್ರಪ್ರಾಣಿಯಿಂದ. ೧೯೩೯ರಲ್ಲಿ ಬಾಲಕನಾಗಿದ್ದಾಗಲೇ ವಿಯೆನ್ನಾ ನಗರವನ್ನು ಬಿಟ್ಟು ಅಮೆರಿಕೆಗೆ ಹೋದ ಎರಿಕ್ ಕ್ಯಾಂಡೆಲ್ ಎಂಬ ವೈದ್ಯನು ಏಪ್ಲಿಸಿಯಾ ಎಂಬ ಕಡಲ ಬಸವನಹುಳುವನ್ನು ಆರಿಸಿಕೊಂಡನು. ಅದರ ನರಕೋಶಗಳು ಸುಮಾರು ೨೦,೦೦೦ ಮಾತ್ರ. ಆದರೆ ಅವುಗಳಲ್ಲಿ ಕೆಲವು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಈ ಹುಳುವಿನ ನೀರ್ಗೊಳವೆಯನ್ನು ಮೆಲ್ಲನೆ ಮುಟ್ಟಿದರೆ ಅದು ತನ್ನ ಕಿವಿರನ್ನು ಒಳಕ್ಕೆ ಎಳೆದುಕೊಳ್ಳುವುದು. ಮತ್ತೆ ಮತ್ತೆ ಮುಟ್ಟಿದರೆ, ಇದರಿಂದ ಅಪಾಯವಿಲ್ಲವೆಂದು ತಿಳಿದು ಎಳೆದುಕೊಳ್ಳುವುದನ್ನು ಕಡಿಮೆಮಾಡುವುದು. ಬಾಲಕ್ಕೆ ವಿದ್ಯುತ್ತಿನ ಪೆಟ್ಟು ಕೊಟ್ಟು ಹೆದರಿಸಿದರೆ, ಅನಂತರ ಮೆಲ್ಲನೆ ಮುಟ್ಟಿದರೂ ಬಲವಾಗಿ ಎಳೆದುಕೊಳ್ಳುವುದು. ಇದೂ ಒಂದು ಕಲಿಕೆಯೇ, ಇದೂ ಒಂದು ನೆನಪೇ.

ಒಂದು ಪೆಟ್ಟಿನ ನೆನಪು ಕೆಲವು ನಿಮಿಷಗಳವರೆಗೆ ಮಾತ್ರ ನಿಲ್ಲುವುದು. ನಡುನಡುವೆ ಬಿಡುವು ಕೊಟ್ಟು ನಾಲ್ಕೈದು ಪೆಟ್ಟು ಕೊಟ್ಟರೆ ಆ ನೆನಪು ದಿವಸಗಟ್ಟಲೆ ನಿಲ್ಲುವುದು. ಈ ಎರಡರ ಒಳಗಿನ ಕಾರ್ಯಗಳೂ ಬೇರೆಬೇರೆ. ಅಲ್ಪಕಾಲದ ನೆನಪಿನಲ್ಲಿ ಹಳೆಯ ಸಂಧಿಯೇ ಹೆಚ್ಚು ಚುರುಕಾಗಿ, ಹೆಚ್ಚು ದ್ರವ್ಯವನ್ನು ಸುರಿಸುವುದು. ಹೊಸದಾಗಿ ಏನನ್ನೂ ಕಟ್ಟುವುದಿಲ್ಲ. ದೀರ್ಘಕಾಲದ ನೆನಪಿನಲ್ಲಾದರೋ, ಸಂಧಿಯಿಂದ ಹೊರಟ ಸಂಕೇತವು ಕೋಶದ ನಡುವಣ ಬೀಜದವರೆಗೆ ಹೋಗಿ, ಅಲ್ಲಿ ಮಲಗಿದ್ದ ಕೆಲವು ಜೀನುಗಳನ್ನು ಎಬ್ಬಿಸುವುದು. ಅವುಗಳ ಅಪ್ಪಣೆಯಂತೆ ಹೊಸ ಪ್ರೋಟೀನುಗಳು ತಯಾರಾಗಿ ಹೊಸ ಸಂಧಿಗಳೇ ಬೆಳೆಯುವುವು. ಸ್ಪರ್ಶವನ್ನು ತಿಳಿಸುವ ಒಂದು ಕೋಶದಲ್ಲಿ ಸುದ್ದಿ ಮುಟ್ಟಿಸುವ ತುದಿಗಳು ಸುಮಾರು ೧,೩೦೦ ಇದ್ದುವು, ಇಂಥ ಶಿಕ್ಷಣದ ತರುವಾಯ ಸುಮಾರು ೨,೭೦೦ ಆದುವೆಂದೂ, ಮುಟ್ಟುವುದಕ್ಕೆ ಒಗ್ಗಿಹೋದ ಹುಳುವಿನಲ್ಲಿ ಸುಮಾರು ೮೫೦ಕ್ಕೆ ಇಳಿದುವೆಂದೂ ಎಣಿಸಿ ನೋಡಿರುತ್ತಾರೆ. ಕಲಿಕೆಯು ಮಿದುಳಿನ ಕಟ್ಟಡವನ್ನೇ ಬದಲಿಸುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿಯು ಬೇಕೆ? ಈ ಕಾರ್ಯಕ್ಕಾಗಿ ಕ್ಯಾಂಡೆಲನು ೨೦೦೦ದಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲುಗೊಂಡನು.

ಹುಳುವಿನ ಮಾತು ಹುಳುವಿಗಾಯಿತು, ಮೇಲ್ದರ್ಜೆಯ ಪ್ರಾಣಿಗಳಲ್ಲಿ ಹೇಗೆ ಎಂದು ತಾವು ಕೇಳಬಹುದು. ನಮ್ಮ ಮಿದುಳಿನಲ್ಲಿ ಕಿವಿಗಳ ಒಳಬದಿಗೆ, ಎಡಕ್ಕೊಂದು ಬಲಕ್ಕೊಂದು, ಹಿಪೋಕ್ಯಾಂಪಸ್ ಎಂಬ ಭಾಗವುಂಟು. ಕಡಲಕುದುರೆ ಎಂಬ ಮೀನಿನಂತೆ ಬಾಗಿರುವುದರಿಂದ ಅದಕ್ಕೆ ಆ ಹೆಸರು. ಟೆರ್ಯೆ ಲೋಮೊ ಮತ್ತು ಟಿಮ್ ಬ್ಲಿಸ್ ಎಂಬವರು ನಾರ್ವೆ ದೇಶದ ಓಸ್ಲೊ ನಗರದಲ್ಲಿ ಮೊಲದ ಈ ಭಾಗವನ್ನು ಪರೀಕ್ಷಿಸಿ, ೧೯೭೩ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಒಂದು ನರಮಾರ್ಗಕ್ಕೆ ಕ್ಷಣಕಾಲ ವೇಗವಾಗಿ ವಿದ್ಯುತ್ತಿನ ಪ್ರಚೋದನೆಯನ್ನು ಕೊಟ್ಟರೆ, ಅನಂತರ ಅದೇ ಮಾರ್ಗದ ಸಂಧಿಗಳು ಗಂಟೆಗಟ್ಟಲೆ ಮೊದಲಿಗಿಂತ ಬಲವಾಗಿ ಕೆಲಸ ಮಾಡುವುದನ್ನು ಅವರು ಕಂಡರು. ಹೆಬ್ಬನು ಊಹಿಸಿದ ದೃಢತೆಯು ಹೀಗೆ ಕಣ್ಣಿಗೆ ಬಿದ್ದಿತು.

ಇದು ನಡೆಯುವ ಬಗೆಯು ಸ್ವಾರಸ್ಯವಾದುದು. ಸರಕಾರದ ಖಜಾನೆಗೆ ಎರಡು ಬೀಗದ ಕೈಗಳು; ಇಬ್ಬರು ಅಧಿಕಾರಿಗಳು ಏಕಕಾಲಕ್ಕೆ ಬಂದ ಹೊರತು ಬಾಗಿಲು ತೆರೆಯದು. ಸುದ್ದಿಯನ್ನು ಪಡೆಯುವ ಕೋಶದ ಮೈಮೇಲೆಯೂ ಇಂಥ ಒಂದು ಬಾಗಿಲುಂಟು. ಮೆಗ್ನೀಸಿಯಮ್ಮಿನ ಕಣವು ಅದಕ್ಕೆ ಬೆಣೆಯಂತೆ ಸಿಕ್ಕಿಕೊಂಡಿರುವುದು. ಗ್ಲುಟಮೇಟ್ ಎಂಬ ದ್ರವ್ಯವು ಆಚೆಯಿಂದ ಬಂದು ಮುಟ್ಟಬೇಕು. ಅದೇ ಸಮಯಕ್ಕೆ ಈಚೆಯ ಕೋಶವು ತಾನೂ ಎಚ್ಚರಗೊಂಡಿರಬೇಕು. ಆಗ ಮಾತ್ರ ಬೆಣೆಯು ಕಳಚಿ, ಬಾಗಿಲು ತೆರೆದು, ಕ್ಯಾಲ್ಸಿಯಮ್ ಒಳಕ್ಕೆ ನುಗ್ಗುವುದು. ಅದರ ಪರಿಣಾಮವಾಗಿ ಸುದ್ದಿಯನ್ನು ಹಿಡಿಯುವ ಇನ್ನಷ್ಟು ಗ್ರಾಹಕಗಳು ಸಂಧಿಯ ಮೇಲೆ ಬಂದು ನಿಲ್ಲುವುವು. ಸಂಧಿಯನ್ನು ಹೊತ್ತಿರುವ ಮುಳ್ಳಿನಂಥ ಭಾಗವು ದಪ್ಪವಾಗುವುದು. ಈ ಬಾಗಿಲನ್ನು ಔಷಧದಿಂದ ಮುಚ್ಚಿದರೆ, ನೀರಿನ ತೊಟ್ಟಿಯಲ್ಲಿ ಈಜಬಿಟ್ಟ ಇಲಿಯು ಅಡಗಿಸಿಟ್ಟ ನೆಲೆಯನ್ನು ಕಲಿಯಲಾರದೆ ಹೋಗುವುದೆಂಬುದನ್ನು ರಿಚರ್ಡ್ ಮಾರಿಸನೂ ಅವನ ಸಂಗಡಿಗರೂ ೧೯೮೬ರಲ್ಲಿ ತೋರಿಸಿದರು. ಹೇಳುವವನು ಎಷ್ಟು ಹೇಳಿದರೂ ಕೇಳುವವನ ಮನಸ್ಸು ಎಚ್ಚರವಾಗಿರದಿದ್ದರೆ ಉಪದೇಶವು ಹತ್ತದೆಂದು ಗುರುಹಿರಿಯರು ಹೇಳುವರಲ್ಲವೆ? ಒಂದು ಸಂಧಿಯ ಮಟ್ಟದಲ್ಲಿಯೂ ಆ ಮಾತಿಗೆ ಹೋಲಿಕೆಯಿರುವುದನ್ನು ಕಂಡು ನಾನು ಬೆರಗಾದೆನು.

ಸಂಧಿಗಳು ಬಲಗೊಳ್ಳುವಂತೆ ದುರ್ಬಲವೂ ಆಗುವುವು. ಎಲ್ಲವೂ ಬಲಗೊಳ್ಳುತ್ತಲೇ ಹೋದರೆ ಹೊಲದ ತುಂಬ ದಾರಿಯಾಗಿ, ದಾರಿ ಯಾವುದು ಹೊಲ ಯಾವುದು ತಿಳಿಯದಂತಾಗುವುದು. ಆದಕಾರಣ ಒಂದಿಷ್ಟು ಮರೆವು ಆರೋಗ್ಯದ ಲಕ್ಷಣವೇ ಹೊರತು ದೋಷವಲ್ಲ.

ಇನ್ನೊಂದು ಸೋಜಿಗವನ್ನು ಕೇಳಬೇಕು. ಸಂಧಿಯನ್ನು ಕಟ್ಟಿರುವ ಪ್ರೋಟೀನುಗಳಲ್ಲಿ ಬಹುಭಾಗವು ಕೆಲವು ದಿವಸ, ಕೆಲವು ವಾರಗಳಲ್ಲಿ ಸವೆದು, ಅವುಗಳ ಸ್ಥಾನಕ್ಕೆ ಹೊಸವು ಬರುತ್ತಿರುವುವು. ಹಾಗಿದ್ದರೂ ಬಾಲ್ಯದಲ್ಲಿ ಕಲಿತ ವಚನವು ಎಂಬತ್ತನೆಯ ವಯಸ್ಸಿನಲ್ಲಿಯೂ ನಾಲಗೆಯ ಮೇಲೆ ಬರುವುದು! ಇದಕ್ಕೆ ನಮ್ಮ ಸಮಾಜದ ಇತಿಹಾಸದಲ್ಲಿಯೇ ದೃಷ್ಟಾಂತವುಂಟು. ಹನ್ನೆರಡನೆಯ ಶತಮಾನದ ಶರಣರ ವಚನಗಳು ನಮ್ಮವರೆಗೆ ಬಂದುದು ಹೇಗೆ? ತಾಳೆಗರಿಯು ಹುಳು ತಿಂದು ಮುರಿಯುವ ಪದಾರ್ಥ. ಒಂದು ಕಟ್ಟು ಜೀರ್ಣವಾಗುವುದಕ್ಕೆ ಮುಂಚೆ ಯಾರೋ ಒಬ್ಬರು ಅದನ್ನು ಹೊಸ ಗರಿಯ ಮೇಲೆ ಪ್ರತಿಮಾಡಿದರು; ಅದಕ್ಕೇ ಅವು ಉಳಿದುವು. ಫ. ಗು. ಹಳಕಟ್ಟಿಯವರು ಮನೆಮನೆ, ಮಠಮಠಗಳಿಂದ ಆ ಕಟ್ಟುಗಳನ್ನು ಕೂಡಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚುಹಾಕಿಸಿದುದನ್ನು ತಾವೆಲ್ಲ ಬಲ್ಲಿರಿ. ಗರಿಯು ಹೋಯಿತು, ಬರೆಹವು ಉಳಿಯಿತು. ಮಿದುಳಿನಲ್ಲಿಯೂ ದ್ರವ್ಯವು ಹೋಗುವುದು, ವಿನ್ಯಾಸವು ಉಳಿಯುವುದು. ಆದರೆ ಪ್ರತಿಮಾಡುವವನಿಲ್ಲದ ಕಟ್ಟು ಹೇಗೆ ನಾಶವಾಗುವುದೋ, ಹಾಗೆಯೇ ಮರಳಿ ನೆನೆಯದ ನೆನಪೂ ಮಾಸುವುದು.

ನಕಲು ಮಾಡುವಾಗ ಲಿಪಿಕಾರನ ಕೈ ತಪ್ಪುವುದೂ ಉಂಟಷ್ಟೆ. ೨೦೦೦ದಲ್ಲಿ ಕರೀಮ್ ನಾದೆರ್ ಮೊದಲಾದವರು ಇಲಿಗಳ ಮೇಲೆ ಮಾಡಿದ ಪ್ರಯೋಗದಿಂದ, ಗಟ್ಟಿಯಾದ ನೆನಪೂ ಮತ್ತೆ ಕೆದಕಿದಾಗ ಸ್ವಲ್ಪ ಕಾಲ ಸಡಿಲವಾಗುವುದೆಂದೂ, ಪುನಃ ಗಟ್ಟಿಯಾಗಲು ಹೊಸ ಪ್ರೋಟೀನು ಬೇಕೆಂದೂ ತೋರಿಬಂದಿತು. ನನ್ನ ಕಣ್ಣಾರೆ ಕಂಡೆನೆಂದು ಇಬ್ಬರು ಪ್ರಾಮಾಣಿಕರು ಬೇರೆಬೇರೆಯಾಗಿ ಸಾಕ್ಷಿ ಹೇಳಿದರೆ, ಒಬ್ಬನು ಸುಳ್ಳನೇ ಇರಬೇಕೆಂದು ನಾವು ಅವಸರಪಡಬಾರದು.

ಇಲ್ಲಿ ನಮ್ಮ ಪ್ರಸಾದನಿಲಯದ ವಿದ್ಯಾರ್ಥಿಗಳಿಗೆ ಒಂದು ಮಾತು. ಜರ್ಮನಿಯ ಎಬ್ಬಿಂಗ್‌ಹೌಸನು ಅರ್ಥವಿಲ್ಲದ ಅಕ್ಷರಗಳ ಸಾಲುಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮರೆವಿನ ಲೆಕ್ಕವನ್ನು ೧೮೮೫ರಲ್ಲಿ ಪ್ರಕಟಿಸಿದನು. ಕಲಿತುದರಲ್ಲಿ ಬಹುಭಾಗವು ಮೊದಲಿನ ಕೆಲವು ಗಂಟೆಗಳಲ್ಲಿಯೇ ಜಾರುವುದೆಂದೂ, ಒಂದೇ ದಿನ ಉರುಹೊಡೆಯುವುದಕ್ಕಿಂತ ದಿನಗಳ ಮೇಲೆ ಹಂಚಿ ಓದಿದರೆ ಶ್ರಮವು ಉಳಿಯುವುದೆಂದೂ ಅವನು ಕಂಡನು. ಕಡಲ ಹುಳುವೂ ಇದನ್ನೇ ಹೇಳಿತು. ಒಂದೇ ಸಮನೆ ೪೦ ಸಲ ಮುಟ್ಟಿದ ಪಾಠವು ಒಂದು ದಿನದ ಮಟ್ಟಿಗೆ ನಿಂತಿತು. ದಿನಕ್ಕೆ ೧೦ರಂತೆ ನಾಲ್ಕು ದಿನ ಮುಟ್ಟಿದ ಪಾಠವು ವಾರಗಟ್ಟಲೆ ನಿಂತಿತು. ಮುಟ್ಟಿದುದು ಎರಡು ಸಲವೂ ನಾಲ್ವತ್ತೇ. ನಡುವಣ ಬಿಡುವೇ ಭೇದಕ್ಕೆ ಕಾರಣವು. ನಿದ್ದೆಯೂ ಕಾಲಹರಣವಲ್ಲ. ಹಗಲು ಓಡಾಡಿದ ದಾರಿಯನ್ನು ಗುರುತಿಸಿದ ಕೋಶಗಳು ಇಲಿಯು ಮಲಗಿದಾಗ ಮತ್ತೆ ಒಟ್ಟಾಗಿ ಮಿಡಿಯುವುವೆಂದು ವಿಲ್ಸನ್ ಮತ್ತು ಮೆಕ್‌ನಾಟನ್ ಎಂಬವರು ೧೯೯೪ರಲ್ಲಿ ವರದಿಮಾಡಿದರು. ಆದುದರಿಂದ ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ದೀಪ ಉರಿಸಿ ಕುಳಿತುಕೊಳ್ಳುವ ಹುಡುಗನು ಎಣ್ಣೆಯನ್ನೂ ನಿದ್ದೆಯನ್ನೂ ಕೂಡಿಯೇ ಕಳೆದುಕೊಳ್ಳುವನು. ದಿನಕ್ಕೊಂದು ವಚನ, ಮರುದಿನ ಅದರ ಮನನ, ವಾರಕ್ಕೊಮ್ಮೆ ಪುನಃ ಪಠನ ಎಂಬ ಮಠದ ಹಳೆಯ ಪದ್ಧತಿಯನ್ನು ಬಿಡಬೇಡಿರಿ.

ಉಪಾಧ್ಯಾಯರಿಗೂ ಒಂದು ಅರಿಕೆ. ನಮ್ಮ ಬೆಂಗಳೂರಿನಲ್ಲಿಯೇ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿಯವರೂ ನಿಮ್ಹಾನ್ಸ್ ಸಂಸ್ಥೆಯ ಶಂಕರನಾರಾಯಣ ರಾಯರೂ ಸಂಗಡಿಗರೊಡನೆ ೨೦೦೨ರಲ್ಲಿ ಒಂದು ಸಂಶೋಧನೆಯನ್ನು ಪ್ರಕಟಿಸಿದರು. ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿವಸ ಇಲಿಗಳನ್ನು ಅಲುಗಾಡದಂತೆ ಬಂಧಿಸಿಟ್ಟರೆ, ಹಿಪೋಕ್ಯಾಂಪಸಿನ ಕೋಶಗಳ ಕವಲುಗಳು ಕುಗ್ಗಿದುವು. ಭಯಕ್ಕೆ ಆಶ್ರಯವಾದ ಅಮಿಗ್ಡಲಾ ಎಂಬ ಭಾಗದ ಕವಲುಗಳು ಬೆಳೆದುವು. ಪಾಠದ ಗಿಡವು ಒಣಗಿ ಭಯದ ಗಿಡವು ಕೊಬ್ಬಿತೆನ್ನಬೇಕು. ಇಲಿಯ ಮೇಲೆ ಕಂಡುದನ್ನು ಹಾಗೆಯೇ ಮಗುವಿಗೆ ಹಚ್ಚಲಾಗದು, ನಿಜ. ಆದರೂ ಬೆತ್ತವು ಕಲಿಸುವ ಮೊದಲನೆಯ ಪಾಠವು ಬೆತ್ತದ್ದೇ ಎಂಬುದನ್ನು ನಾವು ಮನದಟ್ಟು ಮಾಡಿಕೊಳ್ಳುವುದು ಲೇಸು.

ಇಷ್ಟಾದ ಮೇಲೆ ಆ ತಾಯಿಯ ಬಳಿಗೆ ಮರಳೋಣ. ಅದಕ್ಕೆ ಮುಂಚೆ ಹೆನ್ರಿ ಮೊಲೈಸನ್ ಎಂಬ ಅಮೆರಿಕದವನ ಕಥೆಯನ್ನು ಹೇಳಲೇಬೇಕು. ಅವನಿಗೆ ತೀವ್ರವಾದ ಅಪಸ್ಮಾರವಿದ್ದಿತು. ೧೯೫೩ರಲ್ಲಿ, ಅವನ ೨೭ನೆಯ ವಯಸ್ಸಿನಲ್ಲಿ, ಶಸ್ತ್ರವೈದ್ಯರು ಅವನ ಮಿದುಳಿನ ಎರಡೂ ಬದಿಯ ಹಿಪೋಕ್ಯಾಂಪಸಿನ ಬಹುಭಾಗವನ್ನು ಸುತ್ತಲಿನ ಭಾಗಗಳೊಡನೆ ತೆಗೆದರು. ಅಪಸ್ಮಾರವೇನೋ ತಗ್ಗಿತು, ಆದರೆ ಅಂದಿನಿಂದ ಹೊಸ ಸಂಗತಿಯೊಂದೂ ಅವನ ನೆನಪಿನಲ್ಲಿ ನೆಲೆಗೊಳ್ಳದಾಯಿತು. ಬ್ರೆಂಡಾ ಮಿಲ್ನರ್ ಎಂಬ ವಿದುಷಿಯು ವರ್ಷಗಟ್ಟಲೆ ಅವನನ್ನು ಪರೀಕ್ಷಿಸಿದಳು. ಪ್ರತಿಸಲವೂ ಅವಳು ಅವನಿಗೆ ಹೊಸಬಳೇ. ಬಾಲ್ಯದ ನೆನಪುಗಳು ಮಾತ್ರ ಉಳಿದಿದ್ದುವು. ಒಮ್ಮೆ ಅವಳು, ಕನ್ನಡಿಯಲ್ಲಿ ಮಾತ್ರ ಕೈಯನ್ನು ನೋಡುತ್ತ ನಕ್ಷತ್ರದ ಆಕಾರವನ್ನು ಗೆರೆ ತಪ್ಪದೆ ತಿದ್ದುವ ಕೆಲಸವನ್ನು ಅವನಿಗೆ ಕೊಟ್ಟಳು. ಮೂರು ದಿವಸಗಳಲ್ಲಿ ಅವನ ಕೈ ಚೆನ್ನಾಗಿ ಪಳಗಿತು. ಆದರೆ ಇಂಥ ಕೆಲಸವನ್ನು ಹಿಂದೆ ಮಾಡಿದ ನೆನಪೇ ಅವನಿಗಿರಲಿಲ್ಲ! ಅವನು ೨೦೦೮ರಲ್ಲಿ ತೀರಿಕೊಂಡನು. ನೆನಪು ಒಂದೇ ಬಗೆಯದಲ್ಲವೆಂದು ಜಗತ್ತು ತಿಳಿದುದು ಬಹುಮಟ್ಟಿಗೆ ಅವನಿಂದ. ಸಂಗತಿಗಳ ನೆನಪು ಬೇರೆ, ಕೈಕಾಲುಗಳ ರೂಢಿಯ ನೆನಪು ಬೇರೆ. ಎರಡನೆಯದು ಮಿದುಳಿನ ಬೇರೆ ಭಾಗಗಳನ್ನು ಆಶ್ರಯಿಸಿರುವುದು.

ಆ ತಾಯಿಯವರಿಗೆ ಬಂದಿರುವ ವ್ಯಾಧಿಗೆ, ೧೯೦೬ರಲ್ಲಿ ಅದನ್ನು ಮೊದಲು ವರ್ಣಿಸಿದ ಜರ್ಮನ್ ವೈದ್ಯನ ಹೆಸರಿನಿಂದ, ಅಲ್ಜೀಮರ್ ರೋಗವೆಂದು ಕರೆಯುವರು. ಇದು ವೃದ್ಧಾಪ್ಯದ ಸಹಜ ಮರೆವಲ್ಲ, ಹಟವಲ್ಲ, ಕರ್ಮಫಲವೆಂದು ನೆರೆಯವರು ಆಡಿಕೊಳ್ಳತಕ್ಕದ್ದೂ ಅಲ್ಲ. ಇದು ಮಿದುಳಿನ ರೋಗ. ಇದರಲ್ಲಿ ಸಂಧಿಗಳು ನಾಶವಾಗುತ್ತ ಹೋಗುವುವು; ಮರೆವಿನ ಪ್ರಮಾಣವು ಈ ಸಂಧಿಗಳ ನಷ್ಟಕ್ಕೆ ಬಹಳವಾಗಿ ಹೊಂದಿಕೊಂಡಿರುವುದು. ಹಿಪೋಕ್ಯಾಂಪಸಿನ ಆಸುಪಾಸು ಮೊದಲು ಪೆಟ್ಟುತಿನ್ನುವುದರಿಂದ, ಇಂದಿನ ಊಟವು ಮರೆತುಹೋಗುವುದು, ತವರುಮನೆಯ ಮಾತು ಉಳಿಯುವುದು. ಮಗನು ತಮ್ಮನಂತೆ ತೋರುವುದರಲ್ಲಿ ಆಶ್ಚರ್ಯವಿಲ್ಲ. ಅವನು ಸಿಟ್ಟಾಗಿ ತಿದ್ದಿದರೆ ಸಂಧಿಯು ಬೆಳೆಯದು. ತಾಯಿಯ ಮನಸ್ಸು ಮಾತ್ರ ನೋಯುವುದು. ಕಾರಣವು ಮರೆತರೂ ನೋವು ಸ್ವಲ್ಪ ಹೊತ್ತು ಉಳಿಯುವುದನ್ನು ನಾನು ಅನೇಕ ರೋಗಿಗಳಲ್ಲಿ ಕಂಡಿರುವೆನು.

ಹಾಗಾದರೆ ಅವರ ಮುಂಜಾವಿನ ಕಾರ್ಯವು ಪೂಜೆಯೋ ರೂಢಿಯೋ? ವೈದ್ಯನಾಗಿ ನಾನು ಹೇಳಬಹುದಾದುದು ಇಷ್ಟು: ಎಪ್ಪತ್ತು ವರ್ಷಗಳ ಕಾಲ ದಿನದಿನವೂ ನಡೆದ ದಾರಿಯದು. ಲೆಕ್ಕವಿಲ್ಲದಷ್ಟು ಮುಂಜಾವುಗಳು ಆ ಸಂಧಿಗಳನ್ನು ಕಟ್ಟಿರುವುವು. ರೋಗವು ಮೇಲಿನ ಅಂತಸ್ತನ್ನು ಕೆಡಹಿದ ಮೇಲೂ ಆ ತಳಪಾಯವು ನಿಂತಿರುವುದು. ಅದನ್ನು ಬರಿಯ ರೂಢಿಯೆಂದು ಹಗುರವಾಗಿ ಕಾಣುವವರು, ರೂಢಿಯಾಗುವಷ್ಟು ಆಳಕ್ಕೆ ಇಳಿಯಲು ಒಂದು ಕಾರ್ಯವನ್ನು ಎಷ್ಟು ನಿಷ್ಠೆಯಿಂದ ಮಾಡಿರಬೇಕೆಂಬುದನ್ನು ಯೋಚಿಸಲಿ. ಸಂಧಿಗಳನ್ನು ಎಣಿಸುವ ಯಂತ್ರವನ್ನು ಮನುಷ್ಯನು ಕಂಡುಹಿಡಿದಿರುವನು. ಆದರೆ ಅಂಗೈಯ ಲಿಂಗವನ್ನು ನೋಡುತ್ತ ಕುಳಿತಾಗ ಆ ತಾಯಿಯ ಅಂತರಂಗದಲ್ಲಿ ಏನಿರುವುದೆಂಬುದನ್ನು ಅಳೆಯುವ ಸಾಧನವು ನನ್ನ ಬಳಿಯಿಲ್ಲ. ಅದನ್ನು ನಾನು ಇಲ್ಲವೆನ್ನಲಾರೆನು. ಆ ವಿಚಾರವನ್ನು ಶ್ರೀಗಳವರಿಗೆ ಬಿಟ್ಟಿರುವೆನು.

ಇದರೊಂದಿಗೆ ಕಹಿಯಾದ ಸತ್ಯವನ್ನೂ ಮರೆಮಾಚಬಾರದು. ಈ ರೋಗವನ್ನು ಪೂರ್ತಿಯಾಗಿ ಗುಣಪಡಿಸುವ ಔಷಧವಿಲ್ಲ. ರೋಗವು ಮುಂದುವರಿದಂತೆ ಕೈಯ ನೆನಪೂ ಒಂದು ದಿನ ಸಡಿಲಬಹುದು. ಆ ದಿನ ಏನು ಮಾಡಬೇಕು? ಲಿಂಗವು ಎಲ್ಲಿಯೋ ಬಿದ್ದೀತೆಂಬ ಭಯವಿದ್ದರೆ, ಶಿವದಾರವನ್ನು ಗಟ್ಟಿಯಾದುದನ್ನು ಹಾಕಿ ಕರಡಿಗೆಯನ್ನು ಭದ್ರಪಡಿಸಿರಿ. ಪೂಜೆಯ ವೇಳೆಗೆ ಸೊಸೆಯೋ ಮೊಮ್ಮಗಳೋ ಮಗ್ಗುಲಲ್ಲಿ ಕುಳಿತಿರಲಿ. ತಾಯಿಯ ಕೈ ತಡೆದಾಗ ನಿಮ್ಮ ಕೈ ಆಸರೆಯಾಗಲಿ. ಅವರ ನಾಲಗೆ ತಡೆದಾಗ ವಚನದ ಮುಂದಿನ ನುಡಿಯನ್ನು ನೀವು ಹೇಳಿರಿ. ಗರಿಯು ಜೀರ್ಣವಾದಾಗ ಪ್ರತಿಮಾಡುವವನೊಬ್ಬನು ಬೇಕೆಂದು ಆಗಲೇ ಹೇಳಿದೆನಷ್ಟೆ. ಒಬ್ಬರ ಮಿದುಳಿನಲ್ಲಿ ಅಳಿಯುತ್ತಿರುವುದನ್ನು ಮನೆಯವರು ತಮ್ಮ ನೆನಹಿನಲ್ಲಿ ಬರೆದುಕೊಳ್ಳುವುದು, ಹಿಂದಿನವರು ನಮಗಾಗಿ ಮಾಡಿದ ಕೆಲಸವೇ.

ಆ ಗೃಹಸ್ಥರು ಈಗ ಈ ಸಭೆಯಲ್ಲಿಯೇ ಇರುವರೆಂದು ಕಾಣುತ್ತದೆ. ಅವರಿಗೆ ನನ್ನ ಉತ್ತರವು ಅಂದಿನಂತೆಯೇ: ತೆಗೆಯಬೇಡಿರಿ. ಅದಕ್ಕೆ ಇಂದು ಕೂಡಿಸುವ ಮಾತೊಂದೇ: ನಾಳೆಯ ಮುಂಜಾನೆ ತಾಯಿಯವರ ಮಗ್ಗುಲಲ್ಲಿ ನೀವೂ ಕುಳಿತುಕೊಳ್ಳಿರಿ.

ಈ ಮಠವು ಇಷ್ಟು ವರ್ಷ ಅನ್ನದಾಸೋಹವನ್ನೂ ಜ್ಞಾನದಾಸೋಹವನ್ನೂ ನಡೆಸಿಕೊಂಡು ಬಂದಿರುವುದು. ಮರೆತ ಹಿರಿಯರನ್ನು ನೆನಪಿನಲ್ಲಿಟ್ಟುಕೊಂಡು ಕಾಪಾಡುವುದೂ ಒಂದು ದಾಸೋಹವೆಂದು ಭಕ್ತರು ತಿಳಿಯಲೆಂದು ಪ್ರಾರ್ಥಿಸುತ್ತೇನೆ.